ಗಿರಾಕಿ ಬೇಡ ಅಂದ ಪಾಯಿಂಟ್ ಕ್ಯಾಷಿಯರ್ ನಂಬರಿಗೆ ಹೋದರೆ ಅದು ಕಳ್ಳತನವಾ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಸೂಪರ್ ಮಾರ್ಕೆಟ್ ಇದೆ. ಎರಡು ಬಿಲ್ಲಿಂಗ್ ಕೌಂಟರ್. 100 ರೂಪಾಯಿ ವ್ಯಾಪಾರಕ್ಕೆ ಒಂದು ಪಾಯಿಂಟ್ ಕೊಡುತ್ತೇವೆ. ಒಂದು ಪಾಯಿಂಟ್ ಅಂದರೆ ಒಂದು ರೂಪಾಯಿ. ಬೇರೆ ಕಾರ್ಡ್ ಏನೂ ಇಲ್ಲ, ಗಿರಾಕಿಯ ಮೊಬೈಲ್ ನಂಬರೇ ಕಾರ್ಡ್. ಈ ಸಲ ಜಾಸ್ತಿ ಪಾಯಿಂಟ್ ಇರುವ ಹತ್ತು ಗಿರಾಕಿಗಳಿಗೆ ಹಬ್ಬಕ್ಕೆ ಬೆಳ್ಳಿಯ ಕುಂಕುಮದ ಬಟ್ಟಲು ಕೊಡೋಣ ಅಂತ ಪಟ್ಟಿ ತೆಗೆಸಿದೆ. ಮೂರನೇ ನಂಬರಿಗೆ ಫೋನ್ ಮಾಡಿದರೆ ಎತ್ತಿದ್ದು ನಮ್ಮ ಕ್ಯಾಷಿಯರ್ ಹುಡುಗಿಯ ತಂಗಿ! 7 ತಿಂಗಳಲ್ಲಿ 11,240 ಪಾಯಿಂಟ್ ಸೇರಿದೆ. ಅದರಲ್ಲಿ ಒಂಬತ್ತು ಸಲ ಸೇರಿ 6,500 ರಿಡೀಮ್ ಆಗಿದೆ, ಅಂದರೆ ಬಿಲ್ಲಿನಲ್ಲಿ ಹಣದ ಬದಲು ಬಳಕೆಯಾಗಿದೆ. ಹುಡುಗಿ ನಾಲ್ಕು ವರ್ಷದಿಂದ ಇದ್ದಾಳೆ. ಗಲ್ಲಾದಲ್ಲಿ ಒಂದು ದಿನವೂ ಹತ್ತು ರೂಪಾಯಿ ಕಮ್ಮಿ ಬಂದಿಲ್ಲ. ಕೇಳಿದ್ದಕ್ಕೆ "ನಂಬರ್ ಬೇಡ ಅಂದವರ ಪಾಯಿಂಟ್ ಅಲ್ವಾ ಸಾರ್, ಸುಮ್ನೆ ಹಾಳಾಗ್ತಿತ್ತು" ಅಂತ ಅತ್ತುಬಿಟ್ಟಳು. ಇದು ಕಳ್ಳತನವಾ? ಪೊಲೀಸರಿಗೆ ಹೇಳಬೇಕಾ? ಮತ್ತೆ ಅವಳನ್ನು ಕೌಂಟರ್‌ನಲ್ಲಿ ಕೂರಿಸಬಹುದಾ?

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ. ಅವಳು ಮಾಡಿದ್ದು ತಪ್ಪು, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಎಷ್ಟು ದೊಡ್ಡ ತಪ್ಪು ಅನ್ನುವುದು ಆ 11,240ರಲ್ಲಿ ಇಲ್ಲ, ಒಂಬತ್ತು ಸಲ ರಿಡೀಮ್ ಆದ 6,500ರಲ್ಲಿ ಇದೆ. ಆ ಒಂಬತ್ತು ಬಿಲ್ ನೋಡುವ ತನಕ ಯಾವ ತೀರ್ಮಾನಕ್ಕೂ ಹೋಗಬೇಡಿ. ಯಾಕೆ ಅಂತ ಹೇಳುತ್ತೇನೆ.

ಸೂಪರ್ ಮಾರ್ಕೆಟ್‌ಗಳ ಲೆಕ್ಕ ತಪಾಸಣೆ ಮಾಡುತ್ತಾ ನನಗೆ ಹದಿನೆಂಟು ವರ್ಷವಾಯಿತು. ಈ ಪಾಯಿಂಟ್ ಮೋಸ ಹೇಗೆ ನಡೆಯುತ್ತದೆ ಅಂತ ಮೊದಲ ಸಲ ಕಣ್ಣಾರೆ ಕಂಡಿದ್ದು ಒಂದು ಊರಿನ ಅಂಗಡಿಯಲ್ಲಿ, ಸಂಜೆ ಏಳು ಗಂಟೆಯ ನೂಕುನುಗ್ಗಲಲ್ಲಿ. ನಾನು ಕೌಂಟರ್ ಹಿಂದೆ ಸ್ಟಾಕ್ ಪಟ್ಟಿ ಹಿಡಿದು ನಿಂತಿದ್ದೆ. ಗಿರಾಕಿಯ ನಂಬರ್ ಕೇಳಿ ಹಾಕುವಾಗ ಕ್ಯಾಷಿಯರ್ ಹುಡುಗ ತಲೆ ಎತ್ತಿ ನೋಡುತ್ತಿದ್ದ. ಅವರು "ತೊಂಬತ್ತೆಂಟು... ನಲವತ್ತೈದು..." ಅಂತ ಹೇಳಿದ ಹಾಗೆ ಎರಡೆರಡು ಅಂಕಿ ಒತ್ತುತ್ತಿದ್ದ. ಮಧ್ಯೆ ಒಮ್ಮೆ ನಿಲ್ಲಿಸಿ "ಆಮೇಲೆ?" ಅಂತ ಕೇಳುತ್ತಿದ್ದ. ಒಬ್ಬರು "ನಂಬರ್ ಎಲ್ಲ ಬೇಡಪ್ಪ, ಬೇಗ ಬಿಲ್ ಮಾಡು" ಅಂದರು. ಅವನು ತಲೆ ಎತ್ತಲಿಲ್ಲ. ಹತ್ತು ಕೀಲಿಗಳು ಒಂದೇ ಉಸಿರಿಗೆ ಟಕಟಕ ಅಂದವು. ನಂಬರ್ ಬೇಡ ಅಂದ ಮೇಲೂ ಹತ್ತು ಅಂಕಿ ಬಿದ್ದಿದ್ದು ಯಾರದು? ಬೆರಳಿಗೆ ಅಷ್ಟು ಚೆನ್ನಾಗಿ ಗೊತ್ತಿರುವುದು ಸ್ವಂತ ನಂಬರ್, ಇಲ್ಲವೇ ಮನೆಯವರ ನಂಬರ್. ಆವತ್ತಿನಿಂದ ನಾನು ಯಾವ ಅಂಗಡಿಗೆ ಹೋದರೂ ಮೊದಲು ಆ ಸದ್ದನ್ನು ಕೇಳುತ್ತೇನೆ.

"ಹಾಳಾಗ್ತಿತ್ತು" ಅನ್ನುವ ಮಾತನ್ನೇ ತೆಗೆದುಕೊಳ್ಳಿ. ಈ ತಪ್ಪು ಮಾಡಿದ ಪ್ರತಿಯೊಬ್ಬರೂ ಇದನ್ನೇ ಹೇಳುತ್ತಾರೆ. ಹೆಚ್ಚಿನವರು ಅದನ್ನು ನಿಜವಾಗಿ ನಂಬಿಯೇ ಹೇಳುತ್ತಾರೆ. ಗಿರಾಕಿ ಬೇಡ ಅಂದರು, ಮಾಲೀಕರಿಗೆ ಗೊತ್ತೇ ಇಲ್ಲ, ಹಾಗಾದರೆ ಅದು ಯಾರದೂ ಅಲ್ಲ ಅಲ್ವಾ? ಅಲ್ಲ. ಗಿರಾಕಿ ಬೇಡ ಅಂದ ಕೂಡಲೇ ಆ ಪಾಯಿಂಟ್ ಹುಟ್ಟುವುದೇ ಇಲ್ಲ. ಆ ಒಂದು ರೂಪಾಯಿ ನಿಮ್ಮ ಅಂಗಡಿಯಲ್ಲೇ ಉಳಿಯುತ್ತದೆ. ಯೋಜನೆ ಶುರು ಮಾಡುವಾಗಲೇ ಅಂಗಡಿಯವರು ಇದನ್ನು ಲೆಕ್ಕ ಹಾಕಿರುತ್ತಾರೆ. ಇಷ್ಟು ಜನ ನಂಬರ್ ಕೊಡುವುದಿಲ್ಲ, ಕೊಟ್ಟವರಲ್ಲಿ ಇಷ್ಟು ಜನ ಪಾಯಿಂಟ್ ಬಳಸುವುದೇ ಇಲ್ಲ ಅಂತ ನೋಡಿಯೇ ನೂರಕ್ಕೆ ಒಂದು ಕೊಡೋಣ ಅನ್ನುತ್ತಾರೆ. ದಿನಸಿಯಲ್ಲಿ ಸಿಗುವ ಲಾಭವೇ ಕಡಿಮೆ. ಅದರಲ್ಲಿ ನೂರಕ್ಕೆ ಒಂದು ಅಂದರೆ ಸಣ್ಣದಲ್ಲ. ಇಂಡ್ ಎಎಸ್ ಅನ್ನುವ ಭಾರತೀಯ ಲೆಕ್ಕಪದ್ಧತಿ ಅನುಸರಿಸುವ ದೊಡ್ಡ ಕಂಪನಿಗಳಂತೂ ಕೊಟ್ಟ ಪಾಯಿಂಟ್‌ಗಳನ್ನು ಗಿರಾಕಿಗೆ ಕೊಡಬೇಕಾದ ಬಾಕಿಯಾಗಿ ಪುಸ್ತಕದಲ್ಲಿ ತೋರಿಸಬೇಕು. 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇಂಡ್ ಎಎಸ್ 115 ಹೇಳುವುದು ಅದನ್ನೇ. ಅಂದರೆ ಪಾಯಿಂಟ್ ಅನ್ನುವುದು ಅಂಗಡಿಯ ಮೇಲಿನ ಸಾಲ. ತಂಗಿಯ ನಂಬರ್ ಹಾಕಿದಾಗಲೆಲ್ಲ ಅವಳು ನಿಮ್ಮ ಹೆಸರಲ್ಲಿ ಒಂದು ಸಾಲ ಬರೆದಳು.

ಇನ್ನೊಂದು ನಷ್ಟವನ್ನು ನೀವು ಗಮನಿಸಿರಲಿಕ್ಕಿಲ್ಲ. ನಿಮ್ಮ ಲೆಕ್ಕದ ಪ್ರಕಾರ ಆ ನಂಬರಿನ ಮೇಲೆ 7 ತಿಂಗಳಲ್ಲಿ 11 ಲಕ್ಷ 24 ಸಾವಿರ ರೂಪಾಯಿ ವ್ಯಾಪಾರ ಆಗಿದೆ. ತಿಂಗಳಿಗೆ ಹತ್ತಿರ ಹತ್ತಿರ 1 ಲಕ್ಷ 60 ಸಾವಿರ. ಇಷ್ಟು ಜನ ನಿಜವಾಗಿ "ನಂಬರ್ ಬೇಡ" ಅಂದರಾ? ಒಳ್ಳೆಯ ಕ್ಯಾಷಿಯರ್ ಬಿಲ್ ಶುರು ಮಾಡುವ ಮುಂಚೆ "ನಂಬರ್ ಹೇಳಿ ಅಮ್ಮಾ" ಅಂತ ಕೇಳುತ್ತಾರೆ. ಪಾಯಿಂಟ್ ತನಗೆ ಬೇಕು ಅಂತ ಆಸೆ ಹುಟ್ಟಿದ ಮೇಲೆ ಆ ಕೇಳುವುದು ನಿಧಾನಕ್ಕೆ ನಿಲ್ಲುತ್ತದೆ. ಗಿರಾಕಿಯೇ ನೆನಪು ಮಾಡಿದರೆ ಸರಿ, ಮರೆತರೆ ಇನ್ನೂ ಸರಿ. ವಾರವಾರ ಬಂದು ನಾಲ್ಕು ಸಾವಿರದ ದಿನಸಿ ಒಯ್ಯುವ ಅಜ್ಜಿಗೆ ಪಾಯಿಂಟ್ ಇದೆ ಅಂತಲೇ ಗೊತ್ತಿರುವುದಿಲ್ಲ. ಆ ಅಜ್ಜಿಗೆ ನಿಮ್ಮಿಂದ ವರ್ಷಕ್ಕೆ ಎರಡು ಸಾವಿರ ಸಿಗಬೇಕಿತ್ತು. ನೋವು ಕೊಡಬೇಕಾದ್ದು ಇದು. ಹಬ್ಬದ ಬೆಳ್ಳಿ ಬಟ್ಟಲು ಕೂಡ ಇನ್ಯಾರಿಗೋ ಸಲ್ಲಬೇಕಾಗಿದ್ದು.

ಈಗ ಗಲ್ಲಾದ ವಿಷಯ. "ಒಂದು ದಿನವೂ ಕಮ್ಮಿ ಬಂದಿಲ್ಲ" ಅಂತ ಬರೆದಿದ್ದೀರಿ. ಅದನ್ನು ಪ್ರಾಮಾಣಿಕತೆಗೆ ಸಾಕ್ಷಿ ಅಂದುಕೊಂಡಿದ್ದೀರಿ. ಪಾಯಿಂಟ್ ಮೋಸದಲ್ಲಿ ಗಲ್ಲಾ ಯಾವತ್ತೂ ಕಮ್ಮಿ ಬರುವುದಿಲ್ಲ. ಒಂದು ಉದಾಹರಣೆ ನೋಡಿ. ಗಿರಾಕಿಯ ಸಾಮಾನು 860 ರೂಪಾಯಿ. ಅವರು ಪರದೆ ನೋಡಿ ನಗದು ಎಣಿಸಿ ಕೊಟ್ಟರು. ಚೀಲ ಎತ್ತಿಕೊಂಡು ತಿರುಗಿದರು, ಬಿಲ್ ಕೇಳಲಿಲ್ಲ. ಕ್ಯಾಷಿಯರ್ ಬಿಲ್ ಮುಗಿಸುವ ಮುಂಚೆ ಮನೆಯವರ ನಂಬರ್ ಹಾಕಿ 700 ಪಾಯಿಂಟ್ ರಿಡೀಮ್ ಒತ್ತಿದರೆ, ಕಂಪ್ಯೂಟರ್ ಪ್ರಕಾರ ಗಲ್ಲಾಕ್ಕೆ ಬರಬೇಕಾಗಿದ್ದು 160 ಮಾತ್ರ. ಉಳಿದ 700 ಜೇಬಿಗೆ ಹೋದರೂ ರಾತ್ರಿ ಲೆಕ್ಕ ಪೈಸೆ ಪೈಸೆ ಟ್ಯಾಲಿ. ಪಾಯಿಂಟ್ ನೋಟಾಗುವುದು ಇಲ್ಲಿ.

ಇದರ ತಮ್ಮನಂಥ ಇನ್ನೊಂದಿದೆ. ಮೆಂಬರ್ ರೇಟ್, ಮಾಮೂಲಿ ರೇಟ್ ಅಂತ ಎರಡು ಬೆಲೆ ಇಟ್ಟಿರುವ ಅಂಗಡಿಗಳಲ್ಲಿ ಗಿರಾಕಿಯಿಂದ ಮಾಮೂಲಿ ರೇಟ್ ತೆಗೆದುಕೊಂಡು, ಬಿಲ್ಲಿನಲ್ಲಿ ತನ್ನ ನಂಬರ್ ಹಾಕಿ ಮೆಂಬರ್ ರೇಟ್ ಕೂರಿಸಿ, ನಡುವಿನ ಮೂವತ್ತು ನಲವತ್ತು ರೂಪಾಯಿ ಇಟ್ಟುಕೊಳ್ಳುವುದು. ನಿಮ್ಮಲ್ಲಿ ಎರಡು ಬೆಲೆ ಇಲ್ಲ, ಹಾಗಾಗಿ ಬಿಡಿ. ಆದರೆ ವರ್ಷಗಟ್ಟಲೆ ಬರದ ಗಿರಾಕಿಗಳ ಹಳೆಯ ಪಾಯಿಂಟ್ ಯಾರಾದರೂ ಬಳಸಿದ್ದಾರಾ ಅಂತ ಮಾತ್ರ ಇದೇ ಕೈಯಲ್ಲಿ ನೋಡಿಬಿಡಿ.

ಈಗ ಆ ಒಂಬತ್ತು ಬಿಲ್. ಸಾಫ್ಟ್‌ವೇರ್‌ನಲ್ಲಿ ಹಳೆಯ ಬಿಲ್‌ಗಳು ಇರುತ್ತವೆ, ಪ್ರಿಂಟ್ ತೆಗೆಸಿ. ಒಬ್ಬರೇ ಕೂತು ಓದಿ. ಮೊದಲು ಏನೇನು ಸಾಮಾನು ಅಂತ ನೋಡಿ. ಅಕ್ಕಿ, ಎಣ್ಣೆ, ಸೋಪು, ತಿಂಗಳ ಕೊನೆಗೆ ಒಂದೇ ತರಹದ ಪಟ್ಟಿ ಬಂದರೆ ಅದು ಅವಳ ಮನೆಯ ಸಾಮಾನು. ಪಾಯಿಂಟ್‌ನಿಂದ ಮನೆಗೆ ದಿನಸಿ ಒಯ್ದಿದ್ದಾಳೆ. ಅದರ ಬದಲು ಒಂದರಲ್ಲಿ ಮಗುವಿನ ಡೈಪರ್, ಒಂದರಲ್ಲಿ ಹತ್ತು ಕೆಜಿ ಸಕ್ಕರೆ, ಒಂದರಲ್ಲಿ ಬರೀ ಚಾಕೊಲೇಟ್ ಅಂತ ತಾಳಮೇಳವಿಲ್ಲದೆ ಇದ್ದರೆ ಅವು ಬೇರೆ ಬೇರೆ ಗಿರಾಕಿಗಳ ಬಿಲ್. ಆಮೇಲೆ ಉಳಿದ ಹಣ ಹೇಗೆ ಬಂತು ಅಂತ ನೋಡಿ. ಯುಪಿಐ ಆಗಿದ್ದರೆ ಯಾರ ಫೋನಿನಿಂದ ಅಂತ ತಿಳಿಯಬಹುದು. ಒಂಬತ್ತೂ ನಗದು, ಅದೂ ನೂಕುನುಗ್ಗಲಿನ ಹೊತ್ತಲ್ಲೇ ಅಂದರೆ ನಾನು ಮೇಲೆ ಹೇಳಿದ ಕೆಲಸ ಆಗಿರುವ ಸಾಧ್ಯತೆ ಜಾಸ್ತಿ. ಬಿಲ್ ಮಾಡಿದ್ದು ಯಾರ ಲಾಗಿನ್‌ನಲ್ಲಿ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ.

ಲಾಗಿನ್ ಅಂದಾಗ ಒಂದು ಎಚ್ಚರಿಕೆ. ಸಣ್ಣ ಅಂಗಡಿಗಳಲ್ಲಿ ಬೆಳಿಗ್ಗೆ ಒಬ್ಬರು ಲಾಗಿನ್ ಆದರೆ ರಾತ್ರಿ ತನಕ ಅದರಲ್ಲೇ ನಾಲ್ಕು ಜನ ಬಿಲ್ ಮಾಡುತ್ತಾರೆ. ಟೀಗೆ ಹೋದಾಗ ಒಬ್ಬರು, ಊಟಕ್ಕೆ ಹೋದಾಗ ಇನ್ನೊಬ್ಬರು. ಕಾಗದದ ಮೇಲೆ ಅವಳ ಹೆಸರಿದ್ದ ಮಾತ್ರಕ್ಕೆ ಒತ್ತಿದ ಕೈ ಅವಳದೇ ಅಂತ ಆಗುವುದಿಲ್ಲ. ಹಾಜರಿ ಪುಸ್ತಕ ಪಕ್ಕಕ್ಕಿಟ್ಟು ಹೋಲಿಸಿ. ಅವಳ ವಾರದ ರಜೆಯ ದಿನ ಆ ನಂಬರ್ ಸುಮ್ಮನಿದೆಯಾ? ಅವಳು ಊರಿಗೆ ಹೋದ ವಾರ? ರಜೆಯ ದಿನವೂ ಪಾಯಿಂಟ್ ಬಿದ್ದಿದ್ದರೆ ಇನ್ನೊಬ್ಬರು ಇದ್ದಾರೆ ಅಂತ ಅರ್ಥ. ಒಂದೇ ನಂಬರಿಗೆ ಮೂರು ನಿಮಿಷದಲ್ಲಿ ಎರಡು ಬಿಲ್, ಒಂದೇ ದಿನದಲ್ಲಿ ಹದಿನೈದು ಬಿಲ್, ಇವೆಲ್ಲ ನಂಬರ್‌ವಾರು ಪಟ್ಟಿ ತೆಗೆದರೆ ತಾವಾಗಿಯೇ ಎದ್ದು ಕಾಣುತ್ತವೆ. ಅವಳೊಬ್ಬಳ ನಂಬರ್ ನೋಡಿ ನಿಲ್ಲಿಸಬೇಡಿ, ಮೊದಲ ಐವತ್ತು ನಂಬರ್ ನೋಡಿ. ಇಬ್ಬರು ಮಾಡಿ ಒಬ್ಬಳು ಮಾತ್ರ ಸಿಕ್ಕಿಬಿದ್ದರೆ ಅದೂ ಅನ್ಯಾಯವೇ.

ಕ್ಯಾಮೆರಾ ಇದ್ದರೆ ಇವತ್ತೇ ಕಾಪಿ ಮಾಡಿಸಿ. ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದು ಬರೆದುಕೊಂಡು ಹೋಗುತ್ತದೆ. ತಿಂಗಳ ಹಿಂದಿನದು ಈಗಾಗಲೇ ಹೋಗಿರಬಹುದು. ಕ್ಯಾಮೆರಾದ ಗಡಿಯಾರಕ್ಕೂ ಬಿಲ್ಲಿಂಗ್ ಕಂಪ್ಯೂಟರ್ ಗಡಿಯಾರಕ್ಕೂ ಎಷ್ಟು ನಿಮಿಷ ವ್ಯತ್ಯಾಸ ಇದೆ ಅಂತ ಮೊದಲು ನೋಡಿ. ಒಂದು ಅಂಗಡಿಯಲ್ಲಿ ಆರು ನಿಮಿಷ ಹಿಂದಿತ್ತು. ಅದನ್ನು ಗಮನಿಸದೆ ಪಾಪ ಬೇರೆ ಹುಡುಗನನ್ನು ಗದರಿಸಿ ಕಳಿಸಿದ್ದರು. ನಾನು ಹೋಗಿ ನೋಡುವ ಹೊತ್ತಿಗೆ ಅವನು ಊರೇ ಬಿಟ್ಟಿದ್ದ. ಅದು ಈಗಲೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಇಷ್ಟೆಲ್ಲ ಆದ ಮೇಲೆ ನಿಮ್ಮನ್ನೂ ಒಂದು ಪ್ರಶ್ನೆ ಕೇಳಬೇಕು. ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ನಂಬರ್ ಹಾಕದೆ ಬಿಲ್ ಮುಂದಕ್ಕೆ ಹೋಗುತ್ತದಾ? ಎಷ್ಟೋ ಅಂಗಡಿಗಳಲ್ಲಿ ಹೋಗುವುದಿಲ್ಲ. ಹತ್ತು ಅಂಕಿ ಬೀಳಲೇಬೇಕು. ಗಿರಾಕಿ ಕೊಡುವುದಿಲ್ಲ, ಸಾಲು ಬಾಗಿಲ ತನಕ ಬೆಳೆದಿದೆ, ಆಗ ಕೈ ತಾನಾಗಿ ಯಾವುದೋ ನಂಬರ್ ಒತ್ತುತ್ತದೆ. ಇನ್ನು ಕೆಲವು ಕಡೆ "ನೂರು ಬಿಲ್‌ನಲ್ಲಿ ಎಂಬತ್ತಕ್ಕೆ ನಂಬರ್ ಇರಬೇಕು" ಅಂತ ಮೇಲಿನವರು ಗುರಿ ಕೊಟ್ಟಿರುತ್ತಾರೆ, ಇಲ್ಲದಿದ್ದರೆ ಬೈಯುತ್ತಾರೆ. ಈ ತಪ್ಪು ಶುರುವಾಗುವುದೇ ಅಲ್ಲಿಂದ ಅನ್ನುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮೊದಲು ಬಿಲ್ ಮುಗಿಯಲಿ ಅಂತ ತನ್ನ ನಂಬರ್ ಹಾಕುತ್ತಾರೆ. ಎರಡು ತಿಂಗಳಾದ ಮೇಲೆ "ನಿಮ್ಮ ಖಾತೆಯಲ್ಲಿ 1,800 ಪಾಯಿಂಟ್ ಇದೆ" ಅಂತ ಮೆಸೇಜ್ ಬರುತ್ತದೆ. ಆಸೆ ಹುಟ್ಟುವುದು ಆವಾಗ.

ಗಿರಾಕಿಯಿಂದ ನಂಬರ್ ಒತ್ತಾಯ ಮಾಡುವ ಹಾಗೂ ಇಲ್ಲ. ನಂಬರ್ ಕೊಡದಿದ್ದರೆ ಬಿಲ್ ಇಲ್ಲ ಅನ್ನುವುದು ಸರಿಯಲ್ಲ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ತಿಳಿಸಿದೆ. ಹಾಗಾಗಿ ಸಾಫ್ಟ್‌ವೇರ್‌ನವರಿಗೆ ಹೇಳಿ "ನಂಬರ್ ಇಲ್ಲ" ಅನ್ನುವ ಒಂದು ಬಟನ್ ಹಾಕಿಸಿ. ಅದನ್ನು ಒತ್ತಿದ್ದಕ್ಕೆ ಯಾರನ್ನೂ ಗದರಿಸಬೇಡಿ. ರಿಡೀಮ್ ಮಾಡಲು ಗಿರಾಕಿಯ ಫೋನಿಗೆ ಒಟಿಪಿ ಬರಲೇಬೇಕು. ಕೆಲಸದವರು, ಅವರ ಮನೆಯವರು ಬಳಸುವ ನಂಬರ್‌ಗಳ ಪಟ್ಟಿ ಅವರಿಂದಲೇ ಬರೆಸಿಕೊಳ್ಳಿ. ಆ ನಂಬರ್‌ಗಳ ಬಿಲ್ ಯಾವಾಗಲೂ ಇನ್ನೊಂದು ಕೌಂಟರ್‌ನಲ್ಲೇ ಆಗಲಿ. ಪಾಯಿಂಟ್ ಸೇರಿದ್ದು ಗಿರಾಕಿಗೆ ಕಾಣುವ ಹಾಗೆ ಬಿಲ್ಲಿನ ಕೊನೆಗೆ ನಂಬರಿನ ಕೊನೆಯ ನಾಲ್ಕು ಅಂಕಿ ಬರಲಿ. ಇದರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ.

ಮುಖ್ಯವಾಗಿ ಬಾಯಿಮಾತು ಬಿಟ್ಟು ಕಾಗದದಲ್ಲಿ ನಿಯಮ ಇರಬೇಕು. "ಗಿರಾಕಿಯ ಬಿಲ್‌ಗೆ ನನ್ನದಾಗಲಿ, ನನ್ನವರದಾಗಲಿ ನಂಬರ್ ಹಾಕುವುದಿಲ್ಲ" ಅಂತ ಕನ್ನಡದಲ್ಲಿ ಒಂದು ಸಾಲು, ಕೆಳಗೆ ಸಹಿ. ಟೆಸ್ಕೊ ಅನ್ನುವ ಸೂಪರ್ ಮಾರ್ಕೆಟ್ ಕಂಪನಿ 1995ರಲ್ಲಿ ದೇಶದ ತುಂಬ ಕ್ಲಬ್‌ಕಾರ್ಡ್ ಅನ್ನುವ ಪಾಯಿಂಟ್ ಕಾರ್ಡ್ ತಂದ ಬ್ರಿಟನ್‌ನಂಥ ಕಡೆ ಇದು ಕೆಲಸದಿಂದ ತೆಗೆಯುವಂಥ ತಪ್ಪು ಅಂತ ಕೌಂಟರ್‌ನಲ್ಲಿ ಕೂರುವವರಿಗೆ ಮೊದಲೇ ಹೇಳಿರುತ್ತಾರೆ. ನೀವು ಹೇಳಿದ್ದಿರಾ? ನಾಲ್ಕು ವರ್ಷದಲ್ಲಿ ಒಮ್ಮೆಯಾದರೂ? ಹೇಳಿಲ್ಲ ಅಂದರೆ ಅವಳ ತಪ್ಪು ಸರಿಯಾಗುವುದಿಲ್ಲ. ಆದರೆ ಶಿಕ್ಷೆ ತೂಗುವಾಗ ಅದನ್ನೂ ತಕ್ಕಡಿಗೆ ಹಾಕಬೇಕು.

ಕಾನೂನಿನ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೆಲಸಕ್ಕಿರುವವರು ನಂಬಿ ಒಪ್ಪಿಸಿದ್ದನ್ನು ದುರುಪಯೋಗ ಮಾಡಿದರೆ 316ನೇ ಸೆಕ್ಷನ್, ಮಾಲೀಕರ ಸ್ವತ್ತು ಕದ್ದರೆ 306ನೇ ಸೆಕ್ಷನ್. ಎರಡರಲ್ಲೂ ಏಳು ವರ್ಷದ ತನಕ ಜೈಲು ಆಗಬಹುದು. ಗಲ್ಲಾದಿಂದ ನಗದು ತೆಗೆದಿದ್ದು ಸಾಬೀತಾದರೆ ದೂರು ಕೊಡುವ ಹಕ್ಕು ನಿಮಗಿದೆ. ಆದರೆ ಹಕ್ಕಿದೆ ಅಂತ ಬೆದರಿಸಲು ಹೋಗಬೇಡಿ. ಗೋಡೌನ್‌ನಲ್ಲಿ ಗಂಟೆಗಟ್ಟಲೆ ಕೂರಿಸುವುದು, ಫೋನ್ ಕಿತ್ತುಕೊಳ್ಳುವುದು, "ಐವತ್ತು ಸಾವಿರ ತಂದುಕೊಡು, ಇಲ್ಲದಿದ್ದರೆ ಸ್ಟೇಷನ್‌ಗೆ" ಅನ್ನುವುದು, ಖಾಲಿ ಹಾಳೆಗೆ ಸಹಿ ಹಾಕಿಸುವುದು, ಇವು ನಡೆಯುವುದನ್ನು ನೋಡಿದ್ದೇನೆ. ಒಬ್ಬರನ್ನು ಹೊರಗೆ ಹೋಗದ ಹಾಗೆ ಕೂಡಿಹಾಕುವುದು ಅಪರಾಧ. ಹೆದರಿಸಿ ಹಣ ಕೇಳುವುದೂ ಅಪರಾಧ. ಆಮೇಲೆ ಕಟಕಟೆಯಲ್ಲಿ ನಿಲ್ಲುವುದು ನೀವಾಗುತ್ತೀರಿ.

ಕೆಲಸದಿಂದ ತೆಗೆಯುವುದಕ್ಕೂ ಕ್ರಮ ಇದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಆರು ತಿಂಗಳು ದಾಟಿ ಕೆಲಸ ಮಾಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವ ಹಾಗಿಲ್ಲ. ತಪ್ಪು ಮಾಡಿದ್ದು ವಿಚಾರಣೆಯಲ್ಲಿ ಸಾಕ್ಷಿ ಸಮೇತ ಗೊತ್ತಾದರೆ ಮಾತ್ರ ನೋಟಿಸ್ ಬೇಡ. ವಿಚಾರಣೆ ಅಂದರೆ ಕೋರ್ಟ್ ಅಲ್ಲ. ಆರೋಪವನ್ನು ತಾರೀಕು, ಬಿಲ್ ನಂಬರ್ ಸಮೇತ ಬರೆದು ಕೊಡಿ. ಉತ್ತರ ಬರೆಯಲು ನಾಲ್ಕೈದು ದಿನ ಕೊಡಿ. ಆಮೇಲೆ ಕೂರಿಸಿ ಕೇಳಿ. ಇನ್ನೊಬ್ಬ ಹೆಣ್ಣುಮಗಳು ಆ ಕೋಣೆಯಲ್ಲಿ ಇರಲಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಂಡು, ಓದಿ ಹೇಳಿ, ಸಹಿ ತೆಗೆದುಕೊಳ್ಳಿ. ಹಣವನ್ನು ಸಂಬಳದಲ್ಲಿ ಹಿಡಿಯುವುದಾದರೂ ಅವಳ ಮಾತು ಕೇಳಿದ ಮೇಲೆಯೇ, ನಿಜವಾಗಿ ಆದ ನಷ್ಟದಷ್ಟೇ, ಅದೂ ಯಾವ ತಿಂಗಳೂ ಎಲ್ಲ ಕಡಿತ ಸೇರಿ ಅರ್ಧ ಸಂಬಳ ಮೀರದ ಹಾಗೆ. ನಿಮ್ಮ ನಷ್ಟ 11,240 ಅಲ್ಲ, 6,500. ಉಳಿದ 4,740 ಇನ್ನೂ ಕಂಪ್ಯೂಟರ್‌ನಲ್ಲೇ ಇದೆ. ಎಲ್ಲದರ ಪ್ರಿಂಟ್ ತೆಗೆದಿಟ್ಟುಕೊಂಡ ಮೇಲೆ ಅದನ್ನು ರದ್ದು ಮಾಡಿ.

ಕೊನೆಗೆ ಅವಳನ್ನು ಮತ್ತೆ ಕೂರಿಸಬಹುದಾ ಅಂತ ಕೇಳಿದ್ದೀರಿ. ಒಂಬತ್ತು ಬಿಲ್‌ನಲ್ಲಿ ಇರುವುದು ಅವಳ ಮನೆಯ ದಿನಸಿಯಾಗಿದ್ದರೆ, ನಾನು ನಿಮ್ಮ ಜಾಗದಲ್ಲಿದ್ದರೆ ಇಟ್ಟುಕೊಳ್ಳುತ್ತೇನೆ. ಎಚ್ಚರಿಕೆ ಪತ್ರ ಕೊಟ್ಟು, 6,500ನ್ನು ಏಳೆಂಟು ತಿಂಗಳ ಕಂತಿನಲ್ಲಿ ವಾಪಸ್ ತೆಗೆದುಕೊಂಡು, ಮೂರು ತಿಂಗಳು ರ‍್ಯಾಕ್ ಕಡೆ ಹಾಕಿ, ಆಮೇಲೆ ಹೊಸ ನಿಯಮಕ್ಕೆ ಸಹಿ ಮಾಡಿಸಿ ಕೂರಿಸುತ್ತೇನೆ. ನಾಲ್ಕು ವರ್ಷ ನಿಮ್ಮ ಅಂಗಡಿಯ ಬಾಗಿಲು ಬೆಳಿಗ್ಗೆ ತೆಗೆದು ರಾತ್ರಿ ಹಾಕಿದವಳು, ಅದಕ್ಕೂ ಬೆಲೆ ಇದೆ. ಗಿರಾಕಿ ಕೊಟ್ಟ ನಗದು ಜೇಬಿಗೆ ಹೋಗಿದೆ ಅಂತ ಗೊತ್ತಾದರೆ ಇಟ್ಟುಕೊಳ್ಳಬೇಡಿ. ಕ್ರಮದ ಪ್ರಕಾರ ವಿಚಾರಣೆ ಮಾಡಿ ಕಳಿಸಿ. ದೂರು ಕೊಡುವುದು ಬಿಡುವುದು ಮೊತ್ತ ನೋಡಿ, ನಿಮ್ಮ ವಕೀಲರನ್ನು ಕೇಳಿ ನಿರ್ಧರಿಸಿ. ಎರಡರಲ್ಲಿ ಯಾವುದೇ ಆಗಲಿ, ಉಳಿದ ಕೆಲಸದವರ ಮುಂದೆ ಅವಳ ಹೆಸರು ಎತ್ತಬೇಡಿ. ತಂಗಿಯ ಫೋನಿಗೆ ಮತ್ತೆ ಕರೆ ಮಾಡಬೇಡಿ. ಆ ಮಗುವಿಗೆ ತನ್ನ ನಂಬರ್ ಬಳಸಿದ್ದು ಗೊತ್ತಿತ್ತೋ ಇಲ್ಲವೋ.

ಬಿಲ್ ನೋಡಿ ಏನು ಕಂಡಿತು ಅಂತ ಬರೆಯಿರಿ. ತಾರೀಕು, ಸಮಯ, ನಗದೋ ಯುಪಿಐಯೋ, ಇಷ್ಟು ಇದ್ದರೆ ಸಾಕು. ಹುಡುಗಿಯ ಹೆಸರು, ನಂಬರ್ ಬರೆಯಬೇಡಿ.